ಒರೆಸುವ ವಿದ್ಯೆ

ಏನೇನು ಕಲಿತೆವು ಎಂಬುದನ್ನು ಎಲ್ಲರೂ ಹೇಳಿಕೊಳ್ಳುತ್ತಾರೆ. ಯಾವುದರಿಂದ ಒರೆಸಿ ಕಲಿತೆವು ಎಂದು ಮಾತ್ರ ಯಾರೂ ಬಾಯಿಬಿಡುವುದಿಲ್ಲ. ನನ್ನ ಮಟ್ಟಿಗೆ ವಿದ್ಯೆ ಹತ್ತುವುದೂ ಬಿಡುವುದೂ ಒರೆಸುವ ಸಾಧನದ ಮೇಲೆಯೇ ನಿಂತಿದೆ.

ನಮ್ಮೂರ ಶಾಲೆಯಲ್ಲಿ ಸ್ಲೇಟಿಗೆ ನೀರುಕಡ್ಡಿ. ಮಳೆಗಾಲದಲ್ಲಿ ಬಚ್ಚಲ ಹಿಂದೆ, ಪಾಗಾರದ ಸಂದಿಯಲ್ಲಿ ತಾನೇ ಹುಟ್ಟಿಕೊಳ್ಳುತ್ತಿತ್ತು. ದಂಟು ಮುರಿದು ಒಮ್ಮೆ ಎಳೆದರೆ ಸ್ಲೇಟು ಕರ‍್ರಗೆ ಫಳಫಳ. ಬೇಸಿಗೆಯಲ್ಲಿ ಅದು ಒಣಗಿದರೆ ಉಗುಳು, ಅಂಗೈ, ಅಂಗಿಯ ತುದಿ. ‘ಕ ತಲೆಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ’ ಎಂದು ರಾಗವಾಗಿ ಹೇಳಿ ಬರೆದದ್ದು ಮರುಗಳಿಗೆಗೆ ಮಾಯ. ವಟ್ರಸುಳಿ ಯಾವ ಕಡೆಗೆ ಸುತ್ತಿತ್ತು ಎಂಬುದಕ್ಕೆ ಸಾಕ್ಷಿಯೇ ಉಳಿಯುತ್ತಿರಲಿಲ್ಲ. ಅಷ್ಟು ಧೈರ್ಯವಾಗಿ ಕಲಿತದ್ದು ಅದೇ ಮೊದಲು, ಅದೇ ಕೊನೆ.

ಪಿಯುಸಿ ಆದಮೇಲೆ ತಾಲೂಕು ಪೇಟೆಯ ಟೈಪಿಂಗ್ ಇನ್‌ಸ್ಟಿಟ್ಯೂಟು. ಜೂನಿಯರ್, ಸೀನಿಯರ್ ಪಾಸಾದರೆ ಸರ್ಕಾರಿ ಕೆಲಸ ಹೊಸಿಲಲ್ಲೇ ನಿಂತಿದೆ ಎಂದು ನಂಬಿದ್ದ ಕಾಲ. ಇಂಗ್ಲಿಷ್ ಯಂತ್ರದಲ್ಲಿ ಬೆಳಗಿನಿಂದ ಸಂಜೆತನಕ ನರಿಯೊಂದು ಸೋಮಾರಿ ನಾಯಿಯ ಮೇಲೆ ಹಾರುತ್ತಿತ್ತು. 26 ಅಕ್ಷರಗಳೂ ಆ ಒಂದೇ ವಾಕ್ಯದಲ್ಲಿವೆಯಂತೆ. ಅಷ್ಟು ಸಲ ಹಾರಿದರೂ ನಾಯಿ ಎದ್ದದ್ದನ್ನು ನಾವ್ಯಾರೂ ಕಾಣೆವು. ಪಕ್ಕದ ಕನ್ನಡ ಯಂತ್ರದಲ್ಲಿ ಅನಂತ ಸುಬ್ಬರಾಯರು ರೂಪಿಸಿದ ಕೀಲಿಮಣೆ. ಕಾಗುಣಿತ, ಒತ್ತು, ದೀರ್ಘಗಳ ನಮ್ಮ ದೊಡ್ಡ ಸಂಸಾರವನ್ನು ಅಷ್ಟೇ ಗುಂಡಿಗಳಲ್ಲಿ ಹೊಂದಿಸಿದ ಅವರ ಜಾಣ್ಮೆಗೆ ಕೈಮುಗಿಯಬೇಕು. ಕೀಲಿಯತ್ತ ಕಣ್ಣು ಹಾಯಿಸಿದರೆ ಮಾಸ್ತರ ಫುಟ್‌ರೂಲರು ಮೇಜಿಗೆ ಬಡಿಯುತ್ತಿತ್ತು. ‘ಕಣ್ಣು ಕಾಗದದ ಮೇಲಿರಲಿ ಮಾರಾಯ, ಬೆರಳಿಗೆ ದಾರಿ ಗೊತ್ತು.’

ಒರೆಸುವುದರ ನಿಜವಾದ ಬೆಲೆ ತಿಳಿದದ್ದು ಕಚೇರಿಯಲ್ಲಿ. ಸುತ್ತೋಲೆಗೆ ಕಾರ್ಬನ್ ಇಟ್ಟು ನಾಲ್ಕಾರು ಪ್ರತಿ ತೆಗೆಯಬೇಕು. ಒಂದಕ್ಷರ ತಪ್ಪಿತೋ, ಎಲ್ಲ ಪ್ರತಿಗಳಲ್ಲೂ ತಪ್ಪು. ರೋಲರು ತಿರುಗಿಸಿ, ಪ್ರತಿ ಕಾರ್ಬನ್ನಿನ ಕೆಳಗೂ ಚೂರು ಕಾಗದ ತೂರಿಸಿ, ರಬ್ಬರಿನಿಂದ ಒಂದೊಂದೇ ಹಾಳೆ ಉಜ್ಜಿ, ಚೂರುಗಳನ್ನು ಮರೆಯದೆ ಹೊರತೆಗೆದು, ಮತ್ತೆ ಅದೇ ಜಾಗಕ್ಕೆ ಅಕ್ಷರ ಬೀಳುವಂತೆ ಹೊಂದಿಸಬೇಕು. ಬ್ಯಾಕ್‌ಸ್ಪೇಸ್ ಆಗಲೂ ಇತ್ತು. ಒಂದು ಹೆಜ್ಜೆ ಹಿಂದಕ್ಕೆ ಕರೆದುಕೊಂಡು ಹೋಗಿ, ‘ನೋಡು, ಇಲ್ಲೇ’ ಎಂದು ತಪ್ಪಿನೆದುರು ನಿಲ್ಲಿಸುತ್ತಿತ್ತೇ ಹೊರತು ಅಳಿಸುತ್ತಿರಲಿಲ್ಲ. ಹೀಗಾಗಿ ಪೂರ್ತಿ ವಾಕ್ಯ ಮನಸ್ಸಿನಲ್ಲಿ ಕಟ್ಟಿಕೊಳ್ಳದೆ ಯಾರೂ ಕೀಲಿ ಮುಟ್ಟುತ್ತಿರಲಿಲ್ಲ. ಯಾವ ವ್ಯಾಕರಣ ಪುಸ್ತಕವೂ ಕಲಿಸದ ಈ ಶಿಸ್ತನ್ನು ನಮಗೆ ಕಲಿಸಿದ್ದು ರಬ್ಬರು ಉಜ್ಜುವ ಸೋಮಾರಿತನ.

ಆಮೇಲೆ ಕಂಪ್ಯೂಟರ್ ಬಂತು, ನುಡಿ ತಂತ್ರಾಂಶ ಬಂತು, ಕೆ.ಪಿ. ರಾವ್ ಅವರ ಕೀಲಿವಿನ್ಯಾಸ ಬಂತು. ಕಲಿಸಲು ಬಂದ ಹುಡುಗಿಗೆ ನನ್ನ ಮಗಳ ವಯಸ್ಸು. ಎಫ್ ಒತ್ತಿದರೆ ಒತ್ತಕ್ಷರ. ‘ಅಮ್ಮ’ ಬೇಕಾದರೆ ಎ, ಎಂ, ಎಫ್, ಎಂ. ‘ಸರ್, ಮೆಲ್ಲಗೆ ಮುಟ್ಟಿ ಸಾಕು. ಗುದ್ದಬೇಡಿ’ ಎಂದಳು. ಕಬ್ಬಿಣದ ಕೀಲಿಗೆ ಪಳಗಿದ ಬೆರಳು ಮೆಲ್ಲಗೆ ಮುಟ್ಟುವುದನ್ನು ಕಲಿಯಲು ಹೊಸ ವಿನ್ಯಾಸ ಕಲಿತದ್ದಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಇಲ್ಲಿಯ ಬ್ಯಾಕ್‌ಸ್ಪೇಸ್ ಮಹಾ ದಾನಿ, ಎಷ್ಟು ಬೇಕಾದರೂ ಅಳಿಸಿ ಕೊಡುತ್ತದೆ. ಅಂದಿನಿಂದ ಕಚೇರಿಯಲ್ಲಿ ಪತ್ರಗಳು ಉದ್ದವಾದವು, ವಾಕ್ಯಗಳು ಕ್ರಿಯಾಪದಕ್ಕಾಗಿ ಪರದಾಡತೊಡಗಿದವು. ಮೊದಲು ಬರೆದು ಆಮೇಲೆ ಯೋಚಿಸುವ ಸೌಕರ್ಯ ಎಲ್ಲರಿಗೂ ಸಿಕ್ಕಿತು.

ಈಗಿನ ಗುರು ನಾಲ್ಕನೇ ಕ್ಲಾಸಿನ ಮೊಮ್ಮಗ. ಮೊಬೈಲಿಗೆ ಮಾತಾಡಿದರೆ ಅದೇ ಬರೆದುಕೊಳ್ಳುತ್ತದೆ ಎಂದು ಹೇಳಿಕೊಟ್ಟಿದ್ದಾನೆ. ‘ಅಜ್ಜ, ಕೂಗ್ಬೇಡ. ಅದಕ್ಕೆ ಕಿವಿ ಕೇಳ್ಸತ್ತೆ’ ಎಂಬುದು ಮೊದಲ ಪಾಠ. ಎರಡನೆಯ ಪಾಠ ನನಗಿನ್ನೂ ಹತ್ತಿಲ್ಲ. ಮೈಕು ಒತ್ತಿ, ಹಳೆಯ ಅಭ್ಯಾಸದಂತೆ ವಾಕ್ಯವನ್ನು ಮೊದಲಿನಿಂದ ಕೊನೆಯವರೆಗೆ ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತ ಕೂರುತ್ತೇನೆ. ಕರ್ತೃ, ಕರ್ಮ ಕೂತು ಕ್ರಿಯಾಪದ ಬರುವಷ್ಟರಲ್ಲಿ, ಈ ಮನುಷ್ಯನಿಗೆ ಹೇಳುವುದೇನೂ ಇಲ್ಲವೆಂದು ತೀರ್ಮಾನಿಸಿ ಮೊಬೈಲು ಮೈಕು ಮುಚ್ಚಿಕೊಂಡಿರುತ್ತದೆ.