ಕಂಬ ಎಣಿಸಿದ ಖಜಾಂಚಿ

ಬಡಾವಣೆ ಸಂಘದ ಖಜಾಂಚಿಗಿರುವ ಒಂದೇ ಸುಖವೆಂದರೆ ಅವನು ಓದುವ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ವಾರ್ಷಿಕ ಸಭೆಯಲ್ಲಿ ಜಮಾ-ಖರ್ಚು ಓದುವ ಹೊತ್ತಿಗೆ ಎಲ್ಲರ ಮೂಗು ಬೋಂಡಾ ಬಾಣಲೆಯ ಕಡೆ ತಿರುಗಿರುತ್ತದೆ. ‘ಅನುಮೋದನೆ?’ ಎಂದರೆ ‘ಅನುಮೋದನೆ’ ಎಂದು ಬಾಯಿಗಳು ತಾವೇ ಹೇಳಿಬಿಡುತ್ತವೆ. ಇಷ್ಟು ಸುಖ ನನಗೆ ಜೀರ್ಣವಾಗಲಿಲ್ಲ. ಈ ಸಲ ಲೆಕ್ಕವನ್ನು ಪರದೆಯ ಮೇಲೆ ಬಣ್ಣಬಣ್ಣದ ಚಾರ್ಟಿನಲ್ಲಿ ತೋರಿಸುತ್ತೇನೆಂದು ಹೊರಟೆ.

ಎಲ್ಲರೂ ಮೊದಲು ಒತ್ತುವುದು ಪೈ ಚಾರ್ಟನ್ನೇ. ನಾನೂ ಒತ್ತಿದೆ, ಅದೂ ತ್ರೀಡಿ. ಬಡಾವಣೆಗೆ ಏನೇನು ಬೇಕೆಂದು ಮನೆಮನೆಗೆ ಚೀಟಿ ಹಂಚಿದ್ದೆವು. ಎಷ್ಟಕ್ಕೆ ಬೇಕಾದರೂ ಟಿಕ್ ಹಾಕಬಹುದಿತ್ತು. ಪಾರ್ಕಿಗೆ ಶೇ. 58, ಬೀದಿದೀಪಕ್ಕೆ ಶೇ. 61, ನಾಯಿ ಕಾಟದ ಪರಿಹಾರಕ್ಕೆ ಶೇ. 45. ಮೂರನ್ನೂ ಒಂದೇ ವೃತ್ತಕ್ಕೆ ತುರುಕಿದೆ. ಮುಂದಿನ ಸಾಲಿನ ನಿವೃತ್ತ ಗಣಿತ ಮೇಷ್ಟ್ರು ಕನ್ನಡಕ ಏರಿಸಿ, ಬೆರಳಲ್ಲೇ ಕೂಡಿ ಗುಣಿಸಿ, “ನಿಮ್ಮ ವೃತ್ತಕ್ಕೆ 590 ಡಿಗ್ರಿ ಆಯಿತಲ್ಲ ಸ್ವಾಮಿ, ಮಿಕ್ಕ 230 ಎಲ್ಲಿಟ್ಟಿದ್ದೀರಿ?” ಎಂದರು. ಸಭೆಗೆ ಎಚ್ಚರವಾದದ್ದು ಆಗಲೇ.

ಮುಂದಿನ ಪೈ ಖರ್ಚಿನದು. ತ್ರೀಡಿ ವೃತ್ತ ಹಿಂದಕ್ಕೆ ವಾಲಿಕೊಂಡಿರುವುದರಿಂದ ಮುಂದಿರುವ ತುಂಡು ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ನನ್ನ ಗ್ರಹಚಾರಕ್ಕೆ ಮುಂದೆ ಬಂದು ಕೂತದ್ದು ‘ಸಭೆಯ ಉಪಾಹಾರ’. ಕಾವಲುಗಾರನ ಸಂಬಳ ಹಿಂದೆಲ್ಲೋ ಎಳೆಯಂತೆ ಮಲಗಿತ್ತು. ಸಂಘದ ಹಣವೆಲ್ಲ ಬೋಂಡಾಕ್ಕೇ ಹೋಯಿತೆಂದು ಗುಸುಗುಸು ಶುರುವಾಯಿತು. ಹಾಗೆಂದು ಯಾರೂ ಪ್ಲೇಟು ಕೆಳಗಿಡಲಿಲ್ಲ.

ಬಾರ್ ಚಾರ್ಟಿನಲ್ಲಾದರೂ ಮಾನ ಉಳಿದೀತು ಎಂದುಕೊಂಡೆ. ಟ್ಯಾಂಕರ್ ನೀರಿಗೆ ಹೋದ ವರ್ಷ 4,80,000, ಈ ವರ್ಷ 5,04,000 ರೂಪಾಯಿ. ಏರಿದ್ದು ನೂರಕ್ಕೆ ಐದು. ಸೊನ್ನೆಯಿಂದ ಕಂಬ ಎಬ್ಬಿಸಿದರೆ ಎರಡೂ ಒಂದೇ ಎತ್ತರ ಕಾಣುತ್ತವೆ, ನೋಡಲು ಸಪ್ಪೆ. ಅದಕ್ಕೇ 4,75,000ದಿಂದ ಶುರುಮಾಡಿದ್ದೆ. ಈ ವರ್ಷದ ಕಂಬ ಹೋದ ವರ್ಷದ್ದರ ಹೆಚ್ಚುಕಡಿಮೆ ಆರು ಪಟ್ಟು ಎದ್ದು ನಿಂತಿತು! “ಟ್ಯಾಂಕರಿನವನು ನಿಮ್ಮ ಭಾವಮೈದುನನೇ?” ಎಂದು ಹಿಂದಿನಿಂದ ದನಿ ಬಂತು.

ಕಡೆಯದು ಲೈನ್ ಗ್ರಾಫು: ಯಾವ ಕ್ರಾಸಿನಿಂದ ಚಂದಾ ಎಷ್ಟು ಬಾಕಿ ಎಂಬುದು. ಒಂದನೇ ಕ್ರಾಸು 12,000, ಎರಡನೇ ಕ್ರಾಸು 30,000; ನಡುವೆ ಚೆಂದದ ಕೆಂಪು ಗೆರೆ. ಮೇಷ್ಟ್ರು ಮತ್ತೆ ಎದ್ದರು. “ಒಂದೂವರೆಯನೇ ಕ್ರಾಸಿನಲ್ಲಿ ಯಾರಿದ್ದಾರೆ?” ಅಲ್ಲಿರುವುದು ಒಂದು ಮೋರಿ, ಒಂದು ಹೊಂಗೆ ಮರ. ಅವೆರಡೂ ಸೇರಿ ಸಂಘಕ್ಕೆ 21,000 ರೂಪಾಯಿ ಕೊಡಬೇಕೆಂದು ನನ್ನ ಗೆರೆ ಹೇಳುತ್ತಿತ್ತು.

ಆಮೇಲೆ ಕಾಫಿ ಹಿಡಿದು ಮೇಷ್ಟ್ರೇ ಪಾಠ ಮಾಡಿದರು. ಈ ಮೂರೂ ಚಾರ್ಟುಗಳನ್ನು ಅಂಕಿ-ಅಂಶಕ್ಕೆ ಹಚ್ಚಿದವನು ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್. 1786ರ ಪುಸ್ತಕದಲ್ಲಿ ಇಂಗ್ಲೆಂಡಿನ ವ್ಯಾಪಾರ ವರ್ಷದಿಂದ ವರ್ಷಕ್ಕೆ ಏರಿಳಿದದ್ದನ್ನು ಗೆರೆಯಲ್ಲಿ ತೋರಿಸಿದ. ಸ್ಕಾಟ್ಲೆಂಡಿನ ವ್ಯಾಪಾರಕ್ಕೆ ಬಂದಾಗ ಸಿಕ್ಕಿದ್ದು ಒಂದೇ ವರ್ಷದ ಲೆಕ್ಕ, ಗೆರೆ ಎಳೆಯುವಂತಿಲ್ಲ. ಅದು ವ್ಯಾಪಾರ ಮಾಡಿದ ಒಂದೊಂದು ದೇಶಕ್ಕೂ ಆಮದಿಗೊಂದು, ರಫ್ತಿಗೊಂದು ಕಂಬ ನಿಲ್ಲಿಸಿದ. ಕಾಲಕ್ಕೆ ಗೆರೆ, ಹೋಲಿಕೆಗೆ ಕಂಬ ಎಂಬ ಪಾಠ ಆಗಲೇ ಅಲ್ಲಿತ್ತು. ಪೈ ಬಂದದ್ದು 1801ರಲ್ಲಿ. ನಮ್ಮ ಕಣ್ಣು ಕೋನವನ್ನು ಅಳೆಯುವುದರಲ್ಲಿ ದಡ್ಡ, ಒಂದೇ ನೆಲದ ಮೇಲೆ ನಿಂತ ಕಂಬಗಳನ್ನು ಅಳೆಯುವುದರಲ್ಲಿ ಜಾಣ ಎಂದು 1984ರಲ್ಲಿ ಸಂಖ್ಯಾಶಾಸ್ತ್ರಜ್ಞರಾದ ಕ್ಲೀವ್‌ಲ್ಯಾಂಡ್ ಮತ್ತು ಮೆಕ್‌ಗಿಲ್ ಪ್ರಯೋಗ ಮಾಡಿಯೇ ತೋರಿಸಿದರಂತೆ. ಇಷ್ಟೆಲ್ಲ ಕಂಡುಹಿಡಿದ ಪ್ಲೇಫೇರನ ಕೈಯಲ್ಲಿ ಕಾಸು ಮಾತ್ರ ನಿಲ್ಲಲಿಲ್ಲ ಎಂದು ಕೇಳಿ ನನಗೆ ಸ್ವಲ್ಪ ಸಮಾಧಾನವಾಯಿತು.

ಸಭೆ ನೇಮಿಸಿದ ತನಿಖಾ ಸಮಿತಿ ರಸೀದಿಗಳನ್ನೆಲ್ಲ ಜಾಲಾಡಿ, ಒಂದು ರೂಪಾಯಿಯೂ ಆಚೀಚೆ ಆಗಿಲ್ಲವೆಂದು ವರದಿ ಕೊಟ್ಟಿದೆ. ಆದರೂ ಖಜಾಂಚಿ ಹುದ್ದೆ ಈಗ ಖಾಲಿಯಿದೆ. ಬಡಾವಣೆಯ ಯಾರು ಬೇಕಾದರೂ ಬರಬಹುದು. ಲ್ಯಾಪ್‌ಟಾಪ್ ಇರುವವರು ಮಾತ್ರ ದಯವಿಟ್ಟು ಅರ್ಜಿ ಹಾಕಬಾರದೆಂದು ಅಧ್ಯಕ್ಷರ ವಿನಂತಿ.