ನಾಯಿಮರಿಗೆ ನ್ಯಾಯ

2014ರ 'ಜಾನ್ ವಿಕ್' ಕಥೆ ಇಷ್ಟೇ: ತೀರಿಕೊಂಡ ಹೆಂಡತಿ ಕಳಿಸಿದ ಬೀಗಲ್ ಮರಿಯನ್ನು ಕೊಂದು, ಕಾರನ್ನೂ ಕದ್ದವರನ್ನು ಕಿಯಾನು ರೀವ್ಸ್ ಸಾಲುಸಾಲಾಗಿ ಮಲಗಿಸುತ್ತಾನೆ. ನಮ್ಮನೆಯ ವಿಮರ್ಶೆ ಮಾತ್ರ ಸಿನಿಮಾಕ್ಕಿಂತ ಉದ್ದ.

"ಒಂದು ನಾಯಿಗೆ ಇಷ್ಟೊಂದು ಹೆಣವೇ?" ಎಂದರು ಭಾವ. "ಆ ಮರಿ ಏನು ಪಾಪ ಮಾಡಿತ್ರೀ? ಇನ್ನೂ ನಾಲ್ಕು ಬಿಗೀಬೇಕಿತ್ತು!" ಎಂದವರು ಜಿರಲೆ ಹೊಡೆಯಲೂ ಮನಸ್ಸಿಲ್ಲದ ಅತ್ತೆ. ಗುಂಡು ಖಾಲಿಯಾದಾಗ ನಿಂತು ತುಂಬಿಕೊಳ್ಳುವ ನಾಯಕನನ್ನು ಕಂಡು ಮಗನಿಗೆ ಪರಮಾಶ್ಚರ್ಯ. ನಮ್ಮ ಹೀರೋಗಳದ್ದು ಅಕ್ಷಯ ತೂಣೀರವಲ್ಲವೇ! ನಿರ್ದೇಶಕ ಚಾಡ್ ಸ್ಟಹೆಲ್ಸ್ಕಿ 'ಮೇಟ್ರಿಕ್ಸ್'ನಲ್ಲಿ ಕಿಯಾನುವಿಗೇ ಡ್ಯೂಪ್ ಆಗಿದ್ದವರು, ಏಟಿನ ರುಚಿ ಬಲ್ಲವರು.

ಅಜ್ಜಿಯದು ಒಂದೇ ತಕರಾರು: "ಅಯ್ಯೋ, ಆ ರಕ್ತದ ಅಂಗಿ ಒಗೆಯೋರು ಯಾರೋ?" ಚಿತ್ರದಲ್ಲಿ ಹೋಟೆಲಿನವನೂ ಅದಕ್ಕೆ ಕೈ ಎತ್ತಿಬಿಡುತ್ತಾನೆ. ಅಜ್ಜಿಯೋ, ನಿಂಬೆಹಣ್ಣು ಉಪ್ಪು ಹಾಕಿ ತಿಕ್ಕಿದರೆ ಹೋಗುತ್ತದೆಂದು ಟೀವಿಗೇ ಹೇಳುತ್ತಿದ್ದರು.