ಪ್ಲಾಸ್ಟಿಕ್ ಹೂವಿಗೆ ಗೊಬ್ಬರ

ಎಡಗಣ್ಣಿನ ಪೊರೆ ತೆಗೆಸಿಕೊಂಡು ಹತ್ತು ದಿನ. ಕಾಂಪೌಂಡಿನ ಹತ್ತಿರ ನಿಂತು ಕಪ್ಪು ಕನ್ನಡಕ ಎತ್ತಿ ನೋಡಿದೆ. ಆಚೆ ಸರೋಜಮ್ಮನವರು ನುಗ್ಗೆಮರದ ಬುಡಕ್ಕೆ ನೀರು ಹಾಕುತ್ತಿದ್ದರು.

“ಗೋಡೆಗೆ ಹೊಸದಾಗಿ ಬಿಳಿ ಬಣ್ಣ ಹೊಡೆಸಿದ್ರಾ?”

“ಗೃಹಪ್ರವೇಶದ ದಿನದಿಂದ ಅದು ಬಿಳೀನೇ ಮೇಷ್ಟ್ರೇ.”

ಒಂದೊಂದೇ ಕಣ್ಣು ಮುಚ್ಚಿ ನೋಡಿದೆ. ಆಪರೇಷನ್ ಆದ ಕಣ್ಣಿಗೆ ಸುಣ್ಣದ ಬಿಳುಪು, ಆಗದ ಕಣ್ಣಿಗೆ ಹಳೇ ಪಂಚೆಯ ಬಣ್ಣ. ಇಷ್ಟು ವರ್ಷ ಆ ಗೋಡೆಯನ್ನು ಮನಸ್ಸಿನಲ್ಲೇ ಬೈದಿದ್ದೆ. ಕೊಳೆ ಇದ್ದದ್ದು ನನ್ನ ಕಣ್ಣಲ್ಲಿ!

ಅಷ್ಟರಲ್ಲಿ ಅವರು ಒಳಗಿನಿಂದ ಒಂದು ಬಾಟ್ಲಿ ತಂದರು. “ಅಮೆರಿಕದಿಂದ ಮಗ ತಂದದ್ದು. ದಿನಾ ಎರಡು ನುಂಗಿ, ಹೊಸ ಲೆನ್ಸು ಗಟ್ಟಿಯಾಗತ್ತೆ.”

ಪೊರೆ ತೆಗೆಸಿಕೊಂಡವನಿಗೆ ಬೀದಿಯೆಲ್ಲ ವೈದ್ಯರೇ. ಮೂಲೆಮನೆಯವರು ಬಾದಾಮಿ ಎಂದಿದ್ದರು, ಹಾಲಿನವನು ಕಣ್ಣಿಗೆ ಜೇನುತುಪ್ಪ ಬಿಡಿ ಎಂದಿದ್ದ. ಬಾಟ್ಲಿ ತಿರುಗಿಸಿದೆ. ಮರದ ತುದಿಯ ಎಲೆ ಎಣಿಸಬಲ್ಲ ಕಣ್ಣಿಗೆ ಕೈಯಲ್ಲಿದ್ದ ಅಕ್ಷರ ಕಾಣಲಿಲ್ಲ. ಓದುವ ಕನ್ನಡಕ ಇನ್ನೂ ಬಂದಿಲ್ಲ. ಅವರೇ ಓದಿದರು: ವಿಟಮಿನ್ ಸಿ, ಇ, ಸತು, ತಾಮ್ರ, ಲ್ಯೂಟಿನ್.

ಇಂಥ ಮಾತ್ರೆ ಬೇಕೇ ಎಂದು ಕೇಳಿ ಡಾಕ್ಟರ ಹತ್ತಿರ ಪಾಠ ಹೇಳಿಸಿಕೊಂಡಿದ್ದೆ. ಮೇಷ್ಟ್ರ ಬಾಯಿ ಸುಮ್ಮನಿರುತ್ತದೆಯೇ? “ಒಳಗಿರೋದು ಪ್ಲಾಸ್ಟಿಕ್ ಬಿಲ್ಲೆ ಸರೋಜಮ್ಮನವರೇ. ಯುದ್ಧವಿಮಾನದ ಪ್ಲಾಸ್ಟಿಕ್ ಚೂರು ಪೈಲಟ್‌ಗಳ ಕಣ್ಣಿಗೆ ಹೊಕ್ಕರೂ ತೆಪ್ಪಗೆ ಕೂತಿರೋದನ್ನ ನೋಡಿ, ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರಲ್ಲಿ ಮೊದಲ ಬಿಲ್ಲೆ ಕೂರಿಸಿದ್ದು. ಅದಕ್ಕೆ ಹಸಿವಿಲ್ಲ, ಬಾಯಾರಿಕೆಯಿಲ್ಲ. ಪ್ಲಾಸ್ಟಿಕ್ ಹೂವಿಗೆ ಯಾರಾದ್ರೂ ಗೊಬ್ಬರ ಹಾಕ್ತಾರಾ?”

“ಹಾಗಾದ್ರೆ ಈ ಮಾತ್ರೆ ಸುಳ್ಳಾ?”

“ಸುಳ್ಳಲ್ಲ, ವಿಳಾಸ ಬೇರೆ. ಕಣ್ಣಿನ ಹಿಂದಿನ ಪರದೆಯ ನಡುಭಾಗ ವಯಸ್ಸಾಗಿ ಸವೆಯೋ ಕಾಯಿಲೆ ಇದೆಯಲ್ಲ, ಅದು ನಡುಹಂತಕ್ಕೆ ಬಂದವರಿಗೆ ಇಂಥ ಮಿಶ್ರಣ ಮುಂದಿನ ಹಂತವನ್ನ ಒಂದಿಷ್ಟು ತಡೆಯುತ್ತೆ. 2001ರಲ್ಲಿ, ಮತ್ತೆ 2013ರಲ್ಲಿ ಅಮೆರಿಕದ ದೊಡ್ಡ ಪರೀಕ್ಷೆಗಳು ಹೇಳಿದ್ದು ಅಷ್ಟು. ಪೊರೆಯ ಮೇಲೆ ಇದರ ಆಟ ನಡೀಲಿಲ್ಲ. ಮೊದಲಿದ್ದ ಬೀಟಾ ಕ್ಯಾರೊಟಿನ್ನಿಂದ ಸಿಗರೇಟು ಸೇದೋರಿಗೆ ಶ್ವಾಸಕೋಶದ ಕ್ಯಾನ್ಸರ್ ಭಯ ಅಂತ ಅದನ್ನ ತೆಗೆದು ಲ್ಯೂಟಿನ್ ಹಾಕಿದರು. ನನ್ನ ಪರದೆ ನೆಟ್ಟಗಿದೆ. ನನಗೆ ಬರೆದುಕೊಟ್ಟದ್ದು ಬರೀ ಕಣ್ಣಿನ ಹನಿ.”

“ಆ ಲ್ಯೂಟಿನ್ನು ಎಲ್ಲಿ ಸಿಗತ್ತೆ?”

“ಹಸಿರು ಸೊಪ್ಪಿನಲ್ಲಿ. ನಿಮ್ಮ ನುಗ್ಗೆಯಲ್ಲೂ ಇದೆ. ಎಣ್ಣೆ ಒಗ್ಗರಣೆ ಬಿದ್ದರೆ ಮೈಗೆ ಹತ್ತುತ್ತೆ.”

ಸರೋಜಮ್ಮನವರು ಸೊಂಟಕ್ಕೆ ಕೈಯಿಟ್ಟರು. “ಈ ಮರದ ಎಲೆ ಅಂಗಳಕ್ಕೆ ಬೀಳತ್ತೆ, ಕಸ ಅಂತ ಜಗಳ ಆಡಿದ್ದು ಯಾರು ಸ್ವಾಮಿ?” ಎನ್ನುತ್ತಲೇ ಒಂದು ರೆಂಬೆ ಬಗ್ಗಿಸಿ ಮುರಿದು ಕೊಟ್ಟರು.

“ಬಾಟ್ಲಿ ಏನು ಮಾಡ್ತೀರಿ?”

“ಮೂಲೆಮನೆಯವರಿಗೆ ಮಂಡಿನೋವಂತೆ,” ಎಂದು ಹೊರಟೇಬಿಟ್ಟರು.